ಸುಟ್ಟ ಕೊರಳಿಗೆ ವಿಮೆ ಇದೆ, ಇಲ್ಲದ ಕಿವಿಗೆ ಏಕಿಲ್ಲ?

ಮಾನ್ಯ ಸಂಪಾದಕರೇ,

ನನ್ನ ಮಗಳ ಕತ್ತಿನ ಶಸ್ತ್ರಚಿಕಿತ್ಸೆಗೆ ತಗುಲಿದ ಹಣವನ್ನು ಆರೋಗ್ಯ ವಿಮಾ ಕಂಪನಿಯಿಂದ ಪಡೆಯಲು ನನಗೆ ಹದಿಮೂರು ತಿಂಗಳು ಹಿಡಿಯಿತು. ಹಣ ಕೊನೆಗೂ ಬಂದಿತು. ಆದರೆ ಅದು ಯಾವ ಕಾರಣಕ್ಕೆ ಬಂದಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ. ಪಾಲಿಸಿಯ ಒಂದು ಷರತ್ತಿನಲ್ಲಿ ‘ಸುಟ್ಟಗಾಯ’ ಎಂಬ ಪದ ಇದ್ದುದರಿಂದ ನಮಗೆ ನ್ಯಾಯ ಸಿಕ್ಕಿತು. ಅದೇ ಷರತ್ತಿನಲ್ಲಿ ‘ಹುಟ್ಟಿನಿಂದ ಬಂದ ದೋಷ’ ಎಂಬ ಮಾತು ಇಲ್ಲದಿರುವುದರಿಂದ ನಮ್ಮ ಓಣಿಯ ಇನ್ನೊಂದು ಮಗುವಿಗೆ ಸಿಕ್ಕಿಲ್ಲ. ಈ ವ್ಯತ್ಯಾಸ ತಪ್ಪು ಎಂದು ನಾನು ನಂಬಿದ್ದೇನೆ. ಅದನ್ನು ಸರಿಪಡಿಸುವಂತೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವನ್ನು ಕೇಳಿಕೊಳ್ಳಲೆಂದು ತಮ್ಮ ಪತ್ರಿಕೆಯ ಮೂಲಕ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸಂಗತಿಯನ್ನು ಹೇಳುತ್ತೇನೆ. 2017ರ ಮಳೆಗಾಲದಲ್ಲಿ, ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ಬಚ್ಚಲುಮನೆಯಲ್ಲಿ ಹಂಡೆಯಿಂದ ತೋಡಿಟ್ಟ ಕುದಿನೀರು ಅವಳ ಮೇಲೆ ಬಿದ್ದು ಗಲ್ಲದ ಕೆಳಗಿನಿಂದ ಎದೆಯವರೆಗೆ ಸುಟ್ಟಿತು. ಆಗಿನ ಆಸ್ಪತ್ರೆಯ ಖರ್ಚನ್ನು ನಮ್ಮ ಕುಟುಂಬದ ಪಾಲಿಸಿ ಕೊಟ್ಟಿತು, ಅದರಲ್ಲಿ ತಕರಾರೇನೂ ಬರಲಿಲ್ಲ. ಸುಟ್ಟಗಾಯದ ನಿಜವಾದ ಕಷ್ಟ ತಿಳಿಯುವುದು ಗಾಯ ಮಾಗಿದ ಮೇಲೆ. ಕಲೆಯಾಗಿ ಉಳಿದ ಚರ್ಮ ಎಳೆದುಕೊಂಡು ಗಟ್ಟಿಯಾಗುತ್ತದೆ. ಮಗು ಬೆಳೆಯುತ್ತದೆ, ಆ ಚರ್ಮ ಅದರೊಡನೆ ಬೆಳೆಯುವುದಿಲ್ಲ. ವೈದ್ಯರು ಇದನ್ನು ಕಾಂಟ್ರಾಕ್ಚರ್ ಎನ್ನುತ್ತಾರೆ. ಹತ್ತನೆಯ ವರ್ಷಕ್ಕೆ ಬರುವ ಹೊತ್ತಿಗೆ ಅವಳ ಗಲ್ಲ ಎದೆಯ ಕಡೆಗೆ ಎಳೆದುಕೊಂಡಿತ್ತು. ಕರಿಹಲಗೆಯ ಮೇಲ್ಭಾಗವನ್ನು ಓದಬೇಕಾದರೆ ಸೊಂಟವನ್ನೇ ಹಿಂದಕ್ಕೆ ಬಾಗಿಸಿ ಇಡೀ ಮೈಯನ್ನು ವಾಲಿಸಬೇಕಾಗಿತ್ತು. ಮುಂದೆ ಅಪೆಂಡಿಕ್ಸಿನಂಥ ಯಾವುದೇ ಶಸ್ತ್ರಚಿಕಿತ್ಸೆ ಬೇಕಾದರೂ ಅರಿವಳಿಕೆ ಕೊಡುವಾಗ ಉಸಿರುನಾಳಕ್ಕೆ ಕೊಳವೆ ಹಾಕುವುದು ಕಷ್ಟವಾದೀತೆಂದು ವೈದ್ಯರು ಎಚ್ಚರಿಸಿದರು. 2023ರ ಏಪ್ರಿಲ್‌ನಲ್ಲಿ ಬಿಗಿದ ಚರ್ಮವನ್ನು ಬಿಡಿಸಿ, ತೊಡೆಯ ಚರ್ಮವನ್ನು ಕಸಿ ಮಾಡಿದರು. ಬಿಲ್ಲು 1,92,000 ರೂಪಾಯಿ ಆಯಿತು.

ನಗದುರಹಿತ ಚಿಕಿತ್ಸೆಗೆ, ಎಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವಂತೆ, ಆಸ್ಪತ್ರೆಯವರು ಕಳಿಸಿದ ಕೋರಿಕೆ ಆ ದಿನವೇ ತಿರಸ್ಕೃತವಾಯಿತು. ದೂರವಾಣಿಯಲ್ಲಿ ಸಿಕ್ಕ ಸಿಬ್ಬಂದಿ, ‘ಸರ್, ಪ್ಲಾಸ್ಟಿಕ್ ಸರ್ಜರಿ ಪಾಲಿಸಿಯಲ್ಲಿ ಬರೋದಿಲ್ಲ’ ಎಂದಷ್ಟೇ ಹೇಳಿದರು. ಸಾಲ ಮಾಡಿ ಹಣ ಕಟ್ಟಿ, ಆಮೇಲೆ ಎಲ್ಲ ಕಾಗದಗಳನ್ನು ಸೇರಿಸಿ ಕ್ಲೇಮು ಸಲ್ಲಿಸಿದೆ. ಎರಡು ತಿಂಗಳ ನಂತರ ‘ರೂಪವನ್ನು ಬದಲಿಸುವ ಚಿಕಿತ್ಸೆ’ ಎಂಬ ಕಾರಣ ಬರೆದು ಅದನ್ನೂ ನಿರಾಕರಿಸಿದರು.

ಆ ನಿರಾಕರಣೆಯ ಪತ್ರದಲ್ಲಿ ಉಲ್ಲೇಖಿಸಿದ್ದ ಷರತ್ತನ್ನು ನಾನು ಮೊದಲ ಬಾರಿ ಪೂರ್ತಿಯಾಗಿ ಓದಿದ್ದು ಆಗ. ವಿಮೆಯಿಂದ ಹೊರಗಿಡುವ ಚಿಕಿತ್ಸೆಗಳ ವಿವರ ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ ಇರಬಾರದೆಂದು ಪ್ರಾಧಿಕಾರವು 2019ರಲ್ಲಿ ಅವುಗಳ ಒಕ್ಕಣೆಯನ್ನು ಏಕರೂಪಗೊಳಿಸಿ, ಒಂದೊಂದಕ್ಕೂ ಸಂಕೇತ ಸಂಖ್ಯೆ ಕೊಟ್ಟಿತು. ಅವುಗಳಲ್ಲಿ ಎಂಟನೆಯದು ಸೌಂದರ್ಯವರ್ಧಕ ಮತ್ತು ಪ್ಲಾಸ್ಟಿಕ್ ಸರ್ಜರಿಗೆ ಸಂಬಂಧಿಸಿದ್ದು. ಅದರ ತಾತ್ಪರ್ಯ ಇಷ್ಟು: ರೂಪ ಬದಲಿಸುವ ಯಾವುದೇ ಚಿಕಿತ್ಸೆಯ ಖರ್ಚನ್ನು ಕೊಡುವುದಿಲ್ಲ, ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್‌ನಿರ್ಮಾಣವಾಗಿದ್ದರೆ, ಇಲ್ಲವೇ ಆರೋಗ್ಯಕ್ಕೆ ಒದಗಿರುವ ನೇರ ಮತ್ತು ತಕ್ಷಣದ ಅಪಾಯವನ್ನು ನಿವಾರಿಸಲು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಯ ಭಾಗವಾಗಿದ್ದರೆ ಕೊಡಬೇಕು, ಆ ಅಗತ್ಯವನ್ನು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಬೇಕು. ಅಂದರೆ ಯಾವ ಷರತ್ತನ್ನು ತೋರಿಸಿ ನಮ್ಮ ಕ್ಲೇಮನ್ನು ತಳ್ಳಿದ್ದರೋ ಅದೇ ಷರತ್ತು ನಮ್ಮ ಪರವಾಗಿ ಮಾತಾಡುತ್ತಿತ್ತು. ಅದರ ಮೊದಲ ಅರ್ಧವನ್ನು ಮಾತ್ರ ಓದಿ ನಿರ್ಧಾರ ಮಾಡಲಾಗಿತ್ತು.

ಹಾಗೆ ಓದಲು ಎಡೆಯಾದದ್ದು ಹೇಗೆ ಎಂಬುದನ್ನು ಇತರ ಓದುಗರಿಗೆ ಉಪಯೋಗವಾಗಲೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಅಂದಾಜು ಪಟ್ಟಿ ಬರೆದವರು ಚಿಕಿತ್ಸೆಯ ಹೆಸರನ್ನು ‘ಸ್ಕಾರ್ ರಿವಿಷನ್’, ಎಂದರೆ ಕಲೆಯ ತಿದ್ದುಪಡಿ, ಎಂದು ನಮೂದಿಸಿದ್ದರು. ಕಲೆ ತಿದ್ದುವುದು ಎಂದೊಡನೆ ವಿಮಾ ಕಂಪನಿಯ ಮೇಜಿನ ಮೇಲೆ ಅದು ಸೌಂದರ್ಯದ ವಿಷಯವಾಯಿತು. ಡಿಸ್ಚಾರ್ಜ್ ಸಾರಾಂಶದಲ್ಲಿ 2017ರ ಸುಟ್ಟಗಾಯದ ಪ್ರಸ್ತಾಪವೇ ಇರಲಿಲ್ಲ. ಕತ್ತು ಎಷ್ಟು ಡಿಗ್ರಿ ತಿರುಗುತ್ತಿತ್ತು, ಎಷ್ಟು ಹಿಂದಕ್ಕೆ ಬಾಗುತ್ತಿತ್ತು ಎಂಬ ಅಳತೆಯೂ ಇರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಮತ್ತೆ ಕಂಡು ವಿನಂತಿಸಿದಾಗ ಅವರು ಒಂದು ಪುಟದ ಪ್ರಮಾಣಪತ್ರ ಕೊಟ್ಟರು: ಸುಟ್ಟಗಾಯದ ನಂತರದ ಕಾಂಟ್ರಾಕ್ಚರ್, ಚಲನೆಯ ಮಿತಿ ಇಷ್ಟು, ಅರಿವಳಿಕೆಯ ಅಪಾಯ ಇಂಥದ್ದು, ಚಿಕಿತ್ಸೆಯ ಉದ್ದೇಶ ಕತ್ತಿನ ಚಲನೆಯನ್ನು ಮರಳಿ ತರುವುದು. ಈ ಪುಟವು ಮೊದಲ ದಿನವೇ ಇದ್ದಿದ್ದರೆ ಹದಿಮೂರು ತಿಂಗಳು ಬೇಕಾಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಇಂಥ ಶಸ್ತ್ರಚಿಕಿತ್ಸೆಗೆ ಹೋಗುವವರು ದಾಖಲಾಗುವ ಮುನ್ನವೇ ಈ ಪ್ರಮಾಣಪತ್ರವನ್ನು, ಹಳೆಯ ಗಾಯದ ದಾಖಲೆಗಳನ್ನು ಮತ್ತು ದಿನಾಂಕವಿರುವ ಛಾಯಾಚಿತ್ರಗಳನ್ನು ಪೂರ್ವಾನುಮತಿಯ ಕೋರಿಕೆಯ ಜೊತೆಗೇ ಕಳಿಸುವಂತೆ ಆಸ್ಪತ್ರೆಯನ್ನು ಒತ್ತಾಯಿಸಬೇಕು.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರಕ್ಕೆ ಮತ್ತೆ ಅದೇ ಉತ್ತರ ಬಂದಿತು. ನಂತರ ಪಾಲಿಸಿದಾರರ ದೂರು ಕೇಳಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್‌ರಿಗೆ ದೂರು ಕೊಟ್ಟೆ. ಕರ್ನಾಟಕಕ್ಕೆ ಸಂಬಂಧಿಸಿದ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಬೇಕಾಗಿಲ್ಲ. ಕಂಪನಿಯು ನಮ್ಮ ಮನವಿಯನ್ನು ತಳ್ಳಿಹಾಕಿದರೆ ಅಥವಾ ಒಂದು ತಿಂಗಳು ಕಳೆದರೂ ಉತ್ತರಿಸದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. 50 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳನ್ನು ಅವರು ಕೇಳುತ್ತಾರೆ. ನನಗೆ ತಿಳಿದ ಮಟ್ಟಿಗೆ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಪಾಲಿಸಿದಾರರಲ್ಲಿ ಬಹಳ ಮಂದಿಗೆ ಈ ವ್ಯವಸ್ಥೆ ಇರುವುದೇ ಗೊತ್ತಿಲ್ಲ. ನಮ್ಮ ದೂರಿನ ವಿಚಾರಣೆಯಲ್ಲಿ ನಾನು ಷರತ್ತಿನ ಎರಡನೆಯ ಅರ್ಧವನ್ನು ಓದಿ ಹೇಳಿದೆ. ಕಂಪನಿಯ ಪ್ರತಿನಿಧಿಯು ಆರು ವರ್ಷದ ಹಿಂದಿನ ಗಾಯಕ್ಕೂ ಈಗಿನ ಚಿಕಿತ್ಸೆಗೂ ಸಂಬಂಧವೇನೆಂದು ಕೇಳಿದರು. ಷರತ್ತಿನಲ್ಲಿ ‘ನಂತರದ’ ಎಂದಿದೆಯೇ ಹೊರತು ಎಷ್ಟು ದಿನದ ನಂತರ ಎಂದು ಬರೆದಿಲ್ಲ. ತೀರ್ಪು ನಮ್ಮ ಪರವಾಗಿ ಬಂದಿತು.

ನಮ್ಮ ಪ್ರಕರಣ ಮುಗಿದ ಕೆಲವೇ ದಿನಗಳಲ್ಲಿ, 2024ರ ಮೇ 29ರಂದು, ಪ್ರಾಧಿಕಾರವು ಹೊಸ ಸುತ್ತೋಲೆ ಹೊರಡಿಸಿತು. ಕಂಪನಿಯೊಳಗಿನ ಸಮಿತಿಯೊಂದರ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ವಿವರವಾಗಿ ತಿಳಿಸಬೇಕು, ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರಿಸಬೇಕು ಎಂದು ಅದು ಹೇಳುತ್ತದೆ. ಇದು ಒಳ್ಳೆಯ ಕ್ರಮ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಷರತ್ತಿನ ಒಕ್ಕಣೆಯೇ ಸಂಕುಚಿತವಾಗಿದ್ದರೆ ಸಮಿತಿಯಾದರೂ ಏನು ಮಾಡಲು ಸಾಧ್ಯ?

ಇಲ್ಲಿಂದ ನಾನು ನಮ್ಮ ಓಣಿಯ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನಿಗೆ ಈಗ ಒಂಬತ್ತು ವರ್ಷ. ಬಲಗಡೆ ಹೊರಕಿವಿ ಇಲ್ಲದೆ ಹುಟ್ಟಿದ. ಕಿವಿ ಇರಬೇಕಾದಲ್ಲಿ ಒಂದು ಸಣ್ಣ ಗುಬುಟು ಮಾತ್ರ ಇದೆ. ಆ ಕಿವಿಯ ನಾಳವೂ ತೆರೆದಿಲ್ಲದ ಕಾರಣ ಆ ಕಡೆಯಿಂದ ಬರುವ ಮಾತು ಅವನಿಗೆ ಸರಿಯಾಗಿ ಕೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಮಾಸ್ಕ್ ನಿಲ್ಲುತ್ತಿರಲಿಲ್ಲ. ಈಗ ಕನ್ನಡಕ ಬಂದಿದೆ, ಅದನ್ನು ದಾರ ಕಟ್ಟಿ ನಿಲ್ಲಿಸುತ್ತಾರೆ. ಪಕ್ಕೆಲುಬಿನ ಮೃದ್ವಸ್ಥಿಯಿಂದ ಕಿವಿಯ ಆಕಾರವನ್ನು ಕೆತ್ತಿ ಚರ್ಮದಡಿ ಕೂಡಿಸುವ ಶಸ್ತ್ರಚಿಕಿತ್ಸೆ ಇದೆ. ಎದೆಗೂಡು ಸಾಕಷ್ಟು ಬೆಳೆದಿರಬೇಕಾದ್ದರಿಂದ ಎಂಟು ಹತ್ತು ವರ್ಷದ ಹೊತ್ತಿಗೆ ಅದನ್ನು ಮಾಡುತ್ತಾರೆ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ. ಅವನ ತಂದೆ ಮಗು ಹುಟ್ಟುವ ಮೊದಲಿನಿಂದಲೂ ತಪ್ಪದೆ ವಿಮೆಯ ಕಂತು ಕಟ್ಟುತ್ತ ಬಂದವರು. ನಮ್ಮ ಕ್ಲೇಮು ಗೆದ್ದ ಸುದ್ದಿ ಕೇಳಿ ಅವರು ತಮ್ಮ ಪಾಲಿಸಿಯನ್ನು ನನ್ನ ಕೈಗಿತ್ತು, ‘ಮೇಷ್ಟ್ರೇ, ನಮಗೂ ಒಂದು ಅರ್ಜಿ ಬರೆದುಕೊಡಿ’ ಎಂದರು. ನಾನು ಓದಿ ನೋಡಿದೆ. ಬರೆದುಕೊಡಲು ನನ್ನ ಬಳಿ ಪದಗಳಿರಲಿಲ್ಲ.

ಎಂಟನೆಯ ಷರತ್ತಿನಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಎಂಬ ಮೂರೇ ಬಾಗಿಲುಗಳಿವೆ. ನಾಲ್ಕನೆಯದಾದ ‘ನೇರ ಮತ್ತು ತಕ್ಷಣದ ಅಪಾಯ’ ಎಂಬುದರಲ್ಲಿ ಕಿವಿ ಇಲ್ಲದ ಮಗು ಹಾದುಹೋಗಲಾರದು, ಏಕೆಂದರೆ ಅದರಿಂದ ನಾಳೆಯೇ ಪ್ರಾಣಾಪಾಯ ಬರುವುದಿಲ್ಲ. ಇದಲ್ಲದೆ ಬಹಳಷ್ಟು ಪಾಲಿಸಿಗಳು ಹೊರಗೆ ಕಾಣುವ ಜನ್ಮಜಾತ ದೋಷಗಳನ್ನು ಬೇರೊಂದು ಷರತ್ತಿನ ಮೂಲಕವೂ ಹೊರಗಿಡುತ್ತವೆ. ವಿಮಾ ವ್ಯಾಖ್ಯೆಗಳಲ್ಲಿ ಜನ್ಮಜಾತ ದೋಷಗಳನ್ನು ಎರಡಾಗಿ ಒಡೆದಿದ್ದಾರೆ: ದೇಹದ ಕಣ್ಣಿಗೆ ಕಾಣುವ, ಕೈಗೆಟಕುವ ಭಾಗದಲ್ಲಿದ್ದರೆ ಅದು ಹೊರಗಿನದು, ಇಲ್ಲದಿದ್ದರೆ ಒಳಗಿನದು. ಹೃದಯದಲ್ಲಿ ರಂಧ್ರವಿದ್ದು ಹುಟ್ಟಿದ ಮಗು ಒಳಗಿನ ದೋಷದ್ದು. ಸೀಳುತುಟಿಯ ಮಗು, ಕೂಡಿಕೊಂಡ ಬೆರಳುಗಳ ಮಗು, ಕಿವಿ ಇಲ್ಲದ ಮಗು ಹೊರಗಿನ ದೋಷದವು. ಎರಡೂ ತಾಯಿಯ ಗರ್ಭದಲ್ಲೇ ಆದ ಕೊರತೆಗಳು, ಎರಡನ್ನೂ ತಂದೆತಾಯಿ ಬಯಸಿದವರಲ್ಲ, ಮುಂಚಿತವಾಗಿ ಬಲ್ಲವರೂ ಅಲ್ಲ. ಕಣ್ಣಿಗೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಒಂದನ್ನು ರೋಗವೆಂದೂ ಇನ್ನೊಂದನ್ನು ರೂಪವೆಂದೂ ಬೇರ್ಪಡಿಸುವುದು ನನಗೆ ಒಪ್ಪಲಾಗದ ತರ್ಕ.

ಈ ತರ್ಕವನ್ನು ಕೇಂದ್ರ ಸರ್ಕಾರದ ತೆರಿಗೆ ಇಲಾಖೆಯೇ ಒಪ್ಪಿಲ್ಲ ಎಂಬುದು ನನಗೆ ಇತ್ತೀಚೆಗೆ ತಿಳಿಯಿತು. ಆರೋಗ್ಯ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಕೊಡುವ 2017ರ ಜೂನ್ 28ರ ಅಧಿಸೂಚನೆಯು ಕೂದಲು ನಾಟಿ, ಸೌಂದರ್ಯವರ್ಧಕ ಮತ್ತು ಪ್ಲಾಸ್ಟಿಕ್ ಸರ್ಜರಿಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಆದರೆ ಜನ್ಮಜಾತ ದೋಷ, ಬೆಳವಣಿಗೆಯ ನ್ಯೂನತೆ, ಗಾಯ ಅಥವಾ ಆಘಾತದಿಂದ ಕೆಟ್ಟ ದೇಹರಚನೆಯನ್ನು ಇಲ್ಲವೇ ದೇಹದ ಕೆಲಸವನ್ನು ಮರಳಿ ತರಲು ಮಾಡಿದ ಶಸ್ತ್ರಚಿಕಿತ್ಸೆ ಆರೋಗ್ಯ ಸೇವೆಯೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹಾಗಿರುವಾಗ ಆ ಹುಡುಗನ ಕಿವಿಯ ಶಸ್ತ್ರಚಿಕಿತ್ಸೆ ತೆರಿಗೆಯ ಲೆಕ್ಕದಲ್ಲಿ ಚಿಕಿತ್ಸೆ, ವಿಮೆಯ ಲೆಕ್ಕದಲ್ಲಿ ಅಲಂಕಾರ. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸಾ ಪ್ಯಾಕೇಜುಗಳಲ್ಲಿಯೂ ಸುಟ್ಟಗಾಯಕ್ಕೆ ಒಂದು, ಪ್ಲಾಸ್ಟಿಕ್ ಮತ್ತು ಪುನರ್‌ನಿರ್ಮಾಣ ಶಸ್ತ್ರಚಿಕಿತ್ಸೆಗೆ ಇನ್ನೊಂದು ವಿಭಾಗ ಇವೆ; ಸೀಳುತುಟಿ, ಹೊರಕಿವಿಯ ಪುನರ್‌ನಿರ್ಮಾಣ ಈ ಪ್ಯಾಕೇಜುಗಳಲ್ಲಿ ಸೇರಿವೆ. ಆದರೆ ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಪೂರ್ಣ ಸೌಲಭ್ಯ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿ, ಬಿಪಿಎಲ್ ಕುಟುಂಬಗಳಿಗೆ. ಉಳಿದವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆ ಹುಡುಗನ ಮನೆಯವರಿಗೆ ಎರಡೆಕರೆ ಅಡಿಕೆ ತೋಟವಿದೆ, ಬಿಪಿಎಲ್ ಚೀಟಿ ಇಲ್ಲ. ಸರ್ಕಾರದ ಮೇಲೆ ಭಾರ ಹಾಕದೆ ಸ್ವಂತ ಹಣದಲ್ಲಿ ವಿಮೆ ಮಾಡಿಸಿಕೊಂಡವರಿಗೇ ಈ ದಾರಿ ಮುಚ್ಚಿದೆ.

ಜನ್ಮಜಾತ ದೋಷವಷ್ಟೇ ಅಲ್ಲ, ಬೇರೆ ಕಾಯಿಲೆಗಳ ವಿಷಯದಲ್ಲೂ ಈ ಷರತ್ತು ತೊಡಕಿನದು. 2021ರಲ್ಲಿ ಕೋವಿಡ್‌ನ ಬೆನ್ನಿಗೇ ಕಪ್ಪು ಶಿಲೀಂಧ್ರ ಸೋಂಕು ಹರಡಿದಾಗ ಪ್ರಾಣ ಉಳಿಸಲು ಎಷ್ಟೋ ಜನರ ಮೇಲ್ದವಡೆಯನ್ನು, ಕೆಲವರ ಕಣ್ಣನ್ನು ತೆಗೆಯಬೇಕಾಯಿತು. ಮೇಲ್ದವಡೆ ಹೋದವರಿಗೆ ತಿಂದ ಅನ್ನ ಮೂಗಿಗೆ ಹೋಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಅವರ ದವಡೆಯನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆ ಅಪಘಾತದ ನಂತರದ್ದಲ್ಲ, ಸುಟ್ಟಗಾಯದ್ದಲ್ಲ, ಕ್ಯಾನ್ಸರಿನದೂ ಅಲ್ಲ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದು ದವಡೆ ಕಳೆದುಕೊಂಡವರಿಗೆ ತೆರೆಯುವ ಬಾಗಿಲು ಸೋಂಕಿನಿಂದ ಅದೇ ದವಡೆ ಕಳೆದುಕೊಂಡವರಿಗೆ ತೆರೆಯಬೇಕಲ್ಲವೇ? 2020ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಮಾರಬೇಕೆಂದು ಪ್ರಾಧಿಕಾರವೇ ರೂಪಿಸಿದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ ‘ಕಾಯಿಲೆ ಅಥವಾ ಗಾಯದಿಂದ ಅಗತ್ಯವಾದ ಪ್ಲಾಸ್ಟಿಕ್ ಸರ್ಜರಿ’ಯನ್ನು ಕೊಡುವುದಾಗಿ ಬರೆದಿದೆ. ಇಷ್ಟು ಉದಾರವಾದ ಮಾತನ್ನು ಒಂದು ಕಡೆ ಬರೆಯಲು ಸಾಧ್ಯವಾಗಿರುವಾಗ ಅದನ್ನೇ ಎಂಟನೆಯ ಷರತ್ತಿನೊಳಗೂ ತರುವುದು ಕಷ್ಟದ ಕೆಲಸವಲ್ಲ.

ವಿಮಾ ಕಂಪನಿಗಳ ಆತಂಕವನ್ನು ನಾನು ತಿಳಿಯದವನಲ್ಲ. ಮೂಗಿನ ಆಕಾರ ತಿದ್ದಿಸಿಕೊಂಡು ಅದನ್ನು ಉಸಿರಾಟದ ತೊಂದರೆಯ ಚಿಕಿತ್ಸೆಯೆಂದು ತೋರಿಸುವವರಿದ್ದಾರೆ, ಅಂಥ ಖರ್ಚು ಕೊನೆಗೆ ಎಲ್ಲರ ಕಂತಿನ ಮೇಲೆಯೇ ಬೀಳುತ್ತದೆ. ಬೊಜ್ಜು ಕರಗಿಸುವ, ಸುಕ್ಕು ತೆಗೆಸುವ ಚಿಕಿತ್ಸೆಗೆ ವಿಮೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಅವು ಹೊರಗಿರುವುದೇ ಸರಿ. ಆದರೆ ಕಿವಿಯೇ ಇಲ್ಲದಿರುವುದನ್ನು, ಅಂಗುಳ ಸೀಳಿರುವುದನ್ನು, ಬೆರಳುಗಳು ಕೂಡಿಕೊಂಡಿರುವುದನ್ನು ಯಾರೂ ನಟಿಸಲಾರರು. ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಛಾಯಾಚಿತ್ರ, ತಜ್ಞರ ಪ್ರಮಾಣಪತ್ರ ಇವುಗಳಿಂದ ಅನುಮಾನವನ್ನು ಬಗೆಹರಿಸಿಕೊಳ್ಳಬಹುದು. ಅನುಮಾನ ಉಳಿದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪರಿಣತರಾದ ವೈದ್ಯರೊಬ್ಬರಿಂದ ಕಾಗದಪತ್ರಗಳ ಪರಿಶೀಲನೆ ಮಾಡಿಸಲಿ. ನಮ್ಮ ಕ್ಲೇಮನ್ನು ನಿರಾಕರಿಸಿದ ಪತ್ರದಲ್ಲಿ ಅಂಥ ಪರಿಶೀಲನೆ ನಡೆದ ಗುರುತೇ ಇರಲಿಲ್ಲ.

‘ಪ್ಲಾಸ್ಟಿಕ್’ ಎಂಬ ಹೆಸರೂ ಒಂದಿಷ್ಟು ತಪ್ಪು ತಿಳಿವಳಿಕೆಗೆ ಕಾರಣ. ಅದು ನಮ್ಮ ಬಿಂದಿಗೆ ಬಕೆಟ್ಟುಗಳ ಪ್ಲಾಸ್ಟಿಕ್ ಅಲ್ಲ, ಆಕಾರ ಕೊಡುವುದು ಎಂಬ ಅರ್ಥದ ಗ್ರೀಕ್ ಮೂಲದ ಪದ. ಈ ವಿದ್ಯೆಗೂ ನಮ್ಮ ನಾಡಿನ ಚರಿತ್ರೆಗೂ ನಂಟಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರ ಸಂಪಾದಕರಿಗೆ ಭಾರತದ ಶಸ್ತ್ರಚಿಕಿತ್ಸೆಯೊಂದರ ಬಗ್ಗೆ ಪತ್ರ ಬಂದಿತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದನು. ಪುಣೆಯ ಸಮೀಪ ಇಟ್ಟಿಗೆ ಮಾಡುವ ಕುಲದ ಒಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ್ದನ್ನು ಆ ಪತ್ರ ವರ್ಣಿಸಿತು. ಅದನ್ನು ಓದಿ ಕಲಿತು 1814ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು ಅದೇ ವಿಧಾನವನ್ನು ಅನುಸರಿಸಿದರು. ಸುಶ್ರುತ ಸಂಹಿತೆಯ ಕಾಲದಿಂದಲೂ ಈ ಶಸ್ತ್ರಚಿಕಿತ್ಸೆಯ ಮೊದಲ ಕೆಲಸ ಕಳೆದುಹೋದ ಅಂಗವನ್ನು ಮತ್ತೆ ಕಟ್ಟಿಕೊಡುವುದೇ ಆಗಿತ್ತು. ಚಿತ್ರನಟರ ಮೂಗು ತುಟಿಗಳ ಸುದ್ದಿ ಆಮೇಲೆ ಬಂದದ್ದು, ಅದರಿಂದಾಗಿ ವಿಮೆಯ ಮೇಜಿನಲ್ಲಿ ಕುಳಿತವರು ಎಲ್ಲವನ್ನೂ ಒಂದೇ ಕಣ್ಣಿನಿಂದ ನೋಡಬಾರದು.

ಆದ್ದರಿಂದ ಪ್ರಾಧಿಕಾರವು ಎಂಟನೆಯ ಷರತ್ತಿಗೆ ಜಿಎಸ್‌ಟಿ ಅಧಿಸೂಚನೆಯ ಮಾತುಗಳನ್ನೇ ಸೇರಿಸಬೇಕೆಂದು, ಸೋಂಕು ಮೊದಲಾದ ಕಾಯಿಲೆಗಳಿಂದ ಕೆಟ್ಟ ಅಂಗಗಳನ್ನೂ ಅದರಲ್ಲಿ ಒಳಗೊಳ್ಳಬೇಕೆಂದು, ಹೊರಗೆ ಕಾಣುವ ಜನ್ಮಜಾತ ದೋಷಗಳನ್ನು ಕನಿಷ್ಠ ಪಾಲಿಸಿಯ ಅವಧಿಯಲ್ಲಿ ಹುಟ್ಟಿದ ಮಕ್ಕಳ ಮಟ್ಟಿಗಾದರೂ ಹೊರಗಿಡದಂತೆ ನಿಯಮ ಮಾಡಬೇಕೆಂದು ಕೋರುತ್ತೇನೆ. ಪುನರ್‌ನಿರ್ಮಾಣ ಎಂದರೆ ಅದರ ಎಲ್ಲ ಹಂತಗಳೂ ಸೇರಿದವು ಎಂದು ಸಹ ಬರೆಯಬೇಕು. ಅಮೆರಿಕದಲ್ಲಿ 1998ರ ಕಾನೂನೊಂದು, ಕ್ಯಾನ್ಸರಿಗಾಗಿ ಸ್ತನ ತೆಗೆಸಿಕೊಳ್ಳುವುದಕ್ಕೆ ವಿಮೆ ಕೊಡುವ ಪಾಲಿಸಿಯು ಸ್ತನ ಪುನರ್‌ನಿರ್ಮಾಣದ ಎಲ್ಲ ಹಂತಗಳಿಗೂ, ಎರಡೂ ಕಡೆ ಸಮನಾಗಿ ಕಾಣುವಂತೆ ಇನ್ನೊಂದು ಸ್ತನಕ್ಕೆ ಮಾಡುವ ಚಿಕಿತ್ಸೆಗೂ ಹಣ ಕೊಡಬೇಕೆಂದು ಬಿಡಿಸಿ ಹೇಳಿದೆ. ಹೀಗೆ ಬಿಡಿಸಿ ಬರೆಯದ ಕಡೆ ಪ್ರತಿ ಹಂತದಲ್ಲೂ ಹೊಸದಾಗಿ ವಾದಿಸಬೇಕಾಗುತ್ತದೆ ಎಂಬುದು ನನ್ನ ಅನುಭವ.

ಮಗಳ ವೈದ್ಯರು ಅವಳು ಪೂರ್ತಿ ಎತ್ತರಕ್ಕೆ ಬೆಳೆದ ಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಹೇಳಿದ್ದಾರೆ. ಅದಕ್ಕೆ ಬೇಕಾದ ಕಾಗದಗಳನ್ನು ಈಗಿನಿಂದಲೇ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದೇನೆ. ಓಣಿಯ ಹುಡುಗನ ಕಿವಿಯ ಮೊದಲ ಹಂತ ಬರುವ ಬೇಸಿಗೆ ರಜೆಯಲ್ಲಿ ಆಗಬೇಕು. ಅಡಿಕೆ ಮಾರಿದ ಹಣ ಎಷ್ಟು ಬರುತ್ತದೆಂದು ನೋಡಿಕೊಂಡು ದಿನ ಗೊತ್ತುಮಾಡುತ್ತೇನೆ ಎಂದು ಅವನ ತಂದೆ ಆಸ್ಪತ್ರೆಗೆ ತಿಳಿಸಿ ಬಂದಿದ್ದಾರೆ.

ಮಕ್ಕಳ ಗುರುತು ಹೊರಬೀಳಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕ, ಶಿವಮೊಗ್ಗ ಜಿಲ್ಲೆ